ಹೃದಯಾಘಾತವೋ, ಹೃದಯ ಸ್ತಂಭನವೋ? ಫಾರ್ವರ್ಡ್ ಮಾಡುವ ಮುನ್ನ ಪದಕೋಶ ನೋಡುವುದು ಹೇಗೆ

ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಉಸಿರು ಎಳೆದುಕೊಂಡು ಜೋರಾಗಿ ಕೆಮ್ಮುತ್ತಿರಿ, ನಿಂತ ಹೃದಯ ಮತ್ತೆ ಬಡಿಯತೊಡಗುತ್ತದೆ ಎನ್ನುವ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. 1990ರ ದಶಕದ ಕೊನೆಯಲ್ಲಿ ಇ-ಮೇಲ್‌ನಲ್ಲಿ ಸುತ್ತಲು ಶುರುವಾದ ಈ ಸಲಹೆ ಈಗ ವಾಟ್ಸ್ಆ್ಯಪ್‌ನಲ್ಲಿ, ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಲ್ಲಿ ಓಡಾಡುತ್ತಿದೆ. ಕಳುಹಿಸುವವರ ಉದ್ದೇಶ ಒಳ್ಳೆಯದೇ. ಆದರೆ ಸಲಹೆ ತಪ್ಪು, ಅಪಾಯಕಾರಿ ಕೂಡ.

ಈ ಸಂದೇಶ ಸುಳ್ಳು ಎಂದು ಹಲವರು ಈಗಾಗಲೇ ಬರೆದಿದ್ದಾರೆ. ನಾವು ಇಲ್ಲಿ ಕೇಳುತ್ತಿರುವ ಪ್ರಶ್ನೆ ಬೇರೆ. ಇಷ್ಟು ವರ್ಷ ಕಳೆದರೂ ಜನ ಇದನ್ನು ಯಾಕೆ ನಂಬುತ್ತಾರೆ? ಒಂದು ಮುಖ್ಯ ಕಾರಣ ಅದರಲ್ಲಿರುವ ಪದಗಳಲ್ಲೇ ಇದೆ. ‘ಹೃದಯಾಘಾತ’ ಎಂದು ಶುರುವಾಗುವ ವಾಕ್ಯ ‘ನಿಂತ ಹೃದಯ’ ಎಂದು ಮುಗಿಯುತ್ತದೆ. ಇವೆರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಮೊಬೈಲ್‌ನಲ್ಲೇ ಎರಡು ನಿಮಿಷದಲ್ಲಿ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಸಾಧನವೇ ಆನ್‌ಲೈನ್ ಪಾರಿಭಾಷಿಕ ಪದಕೋಶ. ಅದರಲ್ಲಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ನೋಡೋಣ.

ಮೂರು ಪದ, ಮೂರು ಸ್ಥಿತಿ

ಹೃದಯಾಘಾತ ಎಂದರೆ ಹಾರ್ಟ್ ಅಟ್ಯಾಕ್. ವೈದ್ಯರು ಇದನ್ನು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎನ್ನುತ್ತಾರೆ. ಹೃದಯದ ಸ್ನಾಯುವಿಗೇ ರಕ್ತ ಪೂರೈಸುವ ನಾಳದಲ್ಲಿ ತಡೆ ಉಂಟಾಗಿ, ಆ ಭಾಗದ ಸ್ನಾಯು ಆಮ್ಲಜನಕ ಸಿಗದೆ ಸಾಯತೊಡಗುತ್ತದೆ. ಎದೆ ಹಿಂಡಿದಂತಾಗುವುದು, ನೋವು ತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟಕ್ಕೆ ಕಷ್ಟ ಇವು ಇದರ ಲಕ್ಷಣಗಳು. ಹೆಚ್ಚಿನವರಲ್ಲಿ ಈ ಹೊತ್ತಿನಲ್ಲೂ ಹೃದಯ ಬಡಿಯುತ್ತಲೇ ಇರುತ್ತದೆ, ಎಚ್ಚರವೂ ಇರುತ್ತದೆ.

ಹೃದಯ ಸ್ತಂಭನ ಎಂದರೆ ಕಾರ್ಡಿಯಾಕ್ ಅರೆಸ್ಟ್. ಹೃದಯದ ವಿದ್ಯುತ್ ಸಂಕೇತಗಳು ಏರುಪೇರಾಗಿ ಅದು ರಕ್ತವನ್ನು ಪಂಪ್ ಮಾಡುವುದನ್ನೇ ನಿಲ್ಲಿಸುತ್ತದೆ. ವ್ಯಕ್ತಿ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಸಹಜ ಉಸಿರಾಟ ಇರುವುದಿಲ್ಲ.

ಹೃದಯ ವೈಫಲ್ಯ ಎಂದರೆ ಹಾರ್ಟ್ ಫೇಲ್ಯೂರ್. ಹೆಸರು ಕೇಳಿದರೆ ಎಲ್ಲವೂ ಮುಗಿಯಿತು ಅನ್ನಿಸುತ್ತದೆ. ಆದರೆ ಇದರ ಅರ್ಥ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಹೃದಯಕ್ಕೆ ಆಗುತ್ತಿಲ್ಲ ಎಂದು. ಹೃದಯ ನಿಂತಿರುವುದಿಲ್ಲ. ಔಷಧಿ, ಪಥ್ಯ, ವೈದ್ಯರ ನಿಗಾ ಇದ್ದರೆ ಹೃದಯ ವೈಫಲ್ಯ ಇರುವವರು ವರ್ಷಗಟ್ಟಲೆ ಬದುಕುತ್ತಾರೆ.

ಹೃದಯಾಘಾತವೇ ಮುಂದೆ ಹೃದಯ ಸ್ತಂಭನಕ್ಕೆ ತಿರುಗಬಹುದು. ಮಾತಿನಲ್ಲಿ ಎರಡೂ ಕಲಸಿಹೋಗುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ಮಾಡಬೇಕಾದ ಕೆಲಸ ಬೇರೆ. ಹೃದಯಾಘಾತದ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ, ವ್ಯಕ್ತಿಯನ್ನು ಓಡಾಡಿಸದೆ ಕೂರಿಸಿ, ಆದಷ್ಟು ಬೇಗ ಆಸ್ಪತ್ರೆ ಮುಟ್ಟಿಸಬೇಕು. ಹೃದಯ ಸ್ತಂಭನವಾದರೆ 108ಕ್ಕೆ ಕರೆ ಮಾಡುವುದರ ಜೊತೆಗೆ, ಪಕ್ಕದಲ್ಲಿ ಇರುವವರೇ ಆ ಕ್ಷಣದಿಂದ ಸಿಪಿಆರ್ ಶುರು ಮಾಡಬೇಕು. ವಯಸ್ಕರಿಗಾದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಸಿಪಿಆರ್ ಮತ್ತು ವಿದ್ಯುತ್ ಶಾಕ್ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ ಎಂದು ತಜ್ಞರು ಹೇಳುತ್ತಾರೆ.

ಈಗ ಕೆಮ್ಮಿನ ಸಂದೇಶಕ್ಕೆ ಬರೋಣ. ಹೃದಯಾಘಾತವಾಗಿದ್ದರೆ ಹೃದಯ ಬಡಿಯುತ್ತಿದೆ. ಕೆಮ್ಮಿದರೆ ನಾಳದ ತಡೆ ಬಿಡುವುದಿಲ್ಲ, ಸಮಯ ಹಾಳಾಗುತ್ತದೆ ಅಷ್ಟೇ. ಹೃದಯ ಸ್ತಂಭನವಾಗಿದ್ದರೆ ಪ್ರಜ್ಞೆಯೇ ಇಲ್ಲ, ಕೆಮ್ಮುವವರು ಯಾರು? ಸಂದೇಶಕ್ಕೆ ಒಂದು ಬೇರು ಇದೆ ಎನ್ನುವುದು ನಿಜ. ಆಂಜಿಯೋಗ್ರಾಂ ನಡೆಯುವ ಕೊಠಡಿಯಲ್ಲಿ, ಇಸಿಜಿ ಪರದೆಯ ಮುಂದೆ, ಎಚ್ಚರವಿರುವ ರೋಗಿಯ ಬಡಿತ ದಿಢೀರನೆ ಏರುಪೇರಾದರೆ ವೈದ್ಯರು ಕೆಮ್ಮಲು ಹೇಳುವುದುಂಟು. ಆ ವಿಶೇಷ ಸಂದರ್ಭದ ಕ್ರಮವನ್ನು ಮನೆಗೆ ತಂದಿದ್ದು ಮೊದಲ ತಪ್ಪು. ಎರಡು ಸ್ಥಿತಿಗಳನ್ನು ಒಂದೇ ಪದದಡಿ ತುಂಬಿದ್ದು ಎರಡನೇ ತಪ್ಪು.

ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನೇ ನೋಡಿ. ಅದರಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದೂ ಇದೆ, ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಎಂಬ ಶಾಕ್ ಯಂತ್ರ ಅಳವಡಿಸುವ ಯೋಚನೆಯೂ ಇದೆ. ಮೊದಲನೆಯದು ಹೃದಯಾಘಾತಕ್ಕೆ, ಎರಡನೆಯದು ಹೃದಯ ಸ್ತಂಭನಕ್ಕೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಿಘಂಟು ಬೇರೆ, ಪದಕೋಶ ಬೇರೆ

ಪದದ ಅರ್ಥ ಬೇಕೆಂದರೆ ನಾವೆಲ್ಲ ನಿಘಂಟು ತೆರೆಯುತ್ತೇವೆ, ಇಲ್ಲವೇ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಹಾಕುತ್ತೇವೆ. ಸಾಮಾನ್ಯ ಪದಗಳಿಗೆ ಇದು ಸಾಕು. ವಿಜ್ಞಾನ, ವೈದ್ಯಕೀಯ, ಕಾನೂನಿನ ಪದಗಳಿಗೆ ಸಾಲದು.

ನಿಘಂಟು ಪದದಿಂದ ಹೊರಡುತ್ತದೆ. ಒಂದು ಪದ ಕೊಟ್ಟರೆ ಅದಕ್ಕಿರುವ ಎಲ್ಲ ಅರ್ಥಗಳನ್ನು ಸಾಲಾಗಿ ಕೊಡುತ್ತದೆ. ಪಾರಿಭಾಷಿಕ ಪದಕೋಶ ಪರಿಕಲ್ಪನೆಯಿಂದ ಹೊರಡುತ್ತದೆ. ಈ ವಿಷಯದಲ್ಲಿ, ಈ ನಿರ್ದಿಷ್ಟ ಸಂಗತಿಗೆ, ಈ ಭಾಷೆಯಲ್ಲಿ ಬಳಸುವ ಪದ ಯಾವುದು ಎಂದು ಅದು ಹೇಳುತ್ತದೆ.

ಇಂಗ್ಲಿಷಿನ ‘ಸೆಲ್’ ಪದವನ್ನು ತೆಗೆದುಕೊಳ್ಳಿ. ಜೀವಶಾಸ್ತ್ರದಲ್ಲಿ ಅದು ಜೀವಕೋಶ, ಟಾರ್ಚಿನೊಳಗೆ ವಿದ್ಯುತ್ಕೋಶ, ಜೈಲಿನಲ್ಲಿ ಕೊಠಡಿ. ಇನ್ನೊಂದು ಉದಾಹರಣೆ ‘ಕಲ್ಚರ್’. ಲ್ಯಾಬಿನಲ್ಲಿ ಯೂರಿನ್ ಕಲ್ಚರ್ ಎಂದರೆ ಮೂತ್ರದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ. ವಿಷಯ ಯಾವುದೆಂದು ತಿಳಿಯದ ಅನುವಾದ ಯಂತ್ರ ಅದನ್ನು ‘ಮೂತ್ರ ಸಂಸ್ಕೃತಿ’ ಮಾಡಿದರೆ ಅಚ್ಚರಿಯಿಲ್ಲ. ಪದಕೋಶದಲ್ಲಿ ಪ್ರತಿ ಪದದ ಪಕ್ಕ ವಿಷಯದ ಹೆಸರು ಇರುವುದು ಈ ಗೊಂದಲ ತಪ್ಪಿಸುವುದಕ್ಕೆ.

ಜಗತ್ತಿನಲ್ಲಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿರುವ ಒಂದು ಕಡೆ ಐರೋಪ್ಯ ಒಕ್ಕೂಟ. ಅಲ್ಲಿ 24 ಅಧಿಕೃತ ಭಾಷೆಗಳಿವೆ. ಒಂದು ಕಾನೂನು ಎಲ್ಲ ಭಾಷೆಗಳಲ್ಲೂ ಒಂದೇ ಅರ್ಥ ಕೊಡಬೇಕು. ಅದಕ್ಕಾಗಿ ಅವರು ‘ಐಎಟಿಇ’ ಎಂಬ ಪದಕೋಶ ಕಟ್ಟಿ, 2007ರಲ್ಲಿ ಸಾರ್ವಜನಿಕರಿಗೂ ತೆರೆದರು. ಅದರಲ್ಲಿ ಪದದ ಜೊತೆಗೆ, ಆ ಪದ ಎಷ್ಟು ವಿಶ್ವಾಸಾರ್ಹ ಎಂಬ ಗುರುತೂ ಇರುತ್ತದೆ. ಅಂದರೆ ಪದಕೋಶದಲ್ಲಿರುವ ಎಲ್ಲ ಪದಗಳೂ ಒಂದೇ ತೂಕದವಲ್ಲ ಎಂದು ಅದನ್ನು ಕಟ್ಟಿದವರೇ ಒಪ್ಪಿಕೊಂಡಿದ್ದಾರೆ. ನಾವೂ ನೆನಪಿಟ್ಟುಕೊಳ್ಳಬೇಕಾದ ಮಾತು ಇದು.

ಕನ್ನಡಿಗರು ಎಲ್ಲಿ ಹುಡುಕಬಹುದು?

ವಿಜ್ಞಾನಕ್ಕೆ ಕನ್ನಡ ಪದ ಹುಡುಕುವ ಕೆಲಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ‘ವಿಜ್ಞಾನ’ ಎಂಬ ಪತ್ರಿಕೆ ಶುರು ಮಾಡಿದ್ದರು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಬಂತು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ, ಒಂದೇ ಸಂಗತಿಗೆ ಬೇರೆ ಬೇರೆ ಪದ ಕಟ್ಟಿದರು. ಕ್ಯಾನ್ಸರ್‌ಗೆ ಏಡಿಗಂತಿ, ಅರ್ಬುದ ರೋಗ ಎಂಬ ಹೆಸರುಗಳಿವೆ. ಕೊನೆಗೆ ಬಾಯಲ್ಲಿ ಉಳಿದದ್ದು ಕ್ಯಾನ್ಸರ್.

ಇಂದು ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ಮುಖ್ಯ ಜಾಗಗಳು ಇವು. ಹೆಸರು ಹಾಕಿ ಹುಡುಕಿದರೆ ಸಿಗುತ್ತವೆ.

‘ಶಬ್ದ್’: ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ 1961ರಲ್ಲಿ ಸ್ಥಾಪನೆಯಾಯಿತು. ವಿಜ್ಞಾನಿ ಡಿ.ಎಸ್. ಕೊಠಾರಿ ಅದರ ಮೊದಲ ಅಧ್ಯಕ್ಷರು. ಆಯೋಗ ದಶಕಗಳಿಂದ ಪ್ರಕಟಿಸಿದ ಪದಕೋಶಗಳನ್ನು ಒಂದೇ ಕಡೆ ಹುಡುಕುವಂತೆ ಮಾಡಿರುವ ಜಾಲತಾಣ ಇದು. ಇಂಗ್ಲಿಷ್–ಹಿಂದಿ ಪದಗಳೇ ಹೆಚ್ಚು, ಇತರ ಭಾರತೀಯ ಭಾಷೆಗಳ ಪದಗಳೂ ಇವೆ.

‘ಪದಕಣಜ’: ಕರ್ನಾಟಕ ಸರ್ಕಾರದ ಜಾಲತಾಣ. ಹಲವು ನಿಘಂಟು ಮತ್ತು ಪದಕೋಶಗಳಲ್ಲಿ ಒಟ್ಟಿಗೆ ಹುಡುಕಬಹುದು.

‘ಭಾರತವಾಣಿ’: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರು ಮಾಡಿದ್ದು. ಬೇರೆ ಬೇರೆ ಭಾಷೆಗಳ ನಿಘಂಟುಗಳು, ಪರಿಭಾಷಾ ಕೋಶಗಳು ಇಲ್ಲಿವೆ.

‘ಅಲರ್’: ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಪಟ್ಟು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು. 2019ರಿಂದ ಆನ್‌ಲೈನ್‌ನಲ್ಲಿ ಮುಕ್ತವಾಗಿ ಸಿಗುತ್ತಿದೆ. ಇದು ನಿಘಂಟೇ ಹೊರತು ಪರಿಭಾಷಾ ಕೋಶವಲ್ಲ. ಆದರೆ ಕನ್ನಡ ಪದದಿಂದ ಇಂಗ್ಲಿಷಿಗೆ ಹೋಗಲು ತುಂಬ ಅನುಕೂಲ.

ಹುಡುಕುವ ಕ್ರಮ

1. ಪದವನ್ನು ಮೂಲ ರೂಪಕ್ಕೆ ತನ್ನಿ. ಕನ್ನಡದಲ್ಲಿ ಪದದ ಬಾಲಕ್ಕೆ ಪ್ರತ್ಯಯ ಅಂಟಿಕೊಳ್ಳುತ್ತದೆ. ‘ಹೃದಯಾಘಾತದಿಂದಾಗಿ’ ಎಂದು ಹುಡುಕಿದರೆ ಏನೂ ಸಿಗದಿರಬಹುದು. ‘ಹೃದಯಾಘಾತ’ ಎಂದು ಹಾಕಿ. ಅದೂ ಸಿಗದಿದ್ದರೆ ಸಂಧಿ ಬಿಡಿಸಿ ‘ಹೃದಯ’, ‘ಆಘಾತ’ ಎಂದು ಬೇರೆ ಬೇರೆಯಾಗಿ ನೋಡಿ.

2. ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬನ್ನಿ. ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಫಾರ್ವರ್ಡ್‌ನಲ್ಲಿರುವ ಕನ್ನಡ ಪದಕ್ಕೆ ಇಂಗ್ಲಿಷ್ ಪದ ಹುಡುಕಿ. ಆಮೇಲೆ ಆ ಇಂಗ್ಲಿಷ್ ಪದವನ್ನು ಹಾಕಿ ಯಾವ ಕನ್ನಡ ಪದಗಳು ಬರುತ್ತವೆ ನೋಡಿ. ಹೊರಟ ಪದಕ್ಕೇ ವಾಪಸ್ ಬಂದರೆ ಸರಿ. ಬೇರೆ ಪದ ಬಂದರೆ ಅಲ್ಲಿ ಏನೋ ಕಲಸಿಹೋಗಿದೆ ಎಂದು ಅರ್ಥ, ಅಲ್ಲೇ ನಿಂತು ನೋಡಬೇಕು. ‘ಆಘಾತ’ಕ್ಕೆ ಹೊಡೆತ, ಪೆಟ್ಟು, ಶಾಕ್ ಎಂಬ ಅರ್ಥಗಳೆಲ್ಲ ಇವೆ. ವೈದ್ಯಕೀಯದಲ್ಲಿ ಶಾಕ್ ಎಂಬುದು ಹೃದಯಾಘಾತಕ್ಕಿಂತ ಬೇರೆಯೇ ಆದ ತುರ್ತು ಸ್ಥಿತಿ.

3. ವಿಷಯ ನೋಡಿ. ಸಿಕ್ಕ ಪದ ವೈದ್ಯಕೀಯದ ಪದಕೋಶದಿಂದ ಬಂದದ್ದೋ, ಆಡಳಿತದ ಪದಕೋಶದಿಂದಲೋ? ಆಡಳಿತ ಪದಕೋಶದ ಅರ್ಥವನ್ನು ಆರೋಗ್ಯದ ಸಂದೇಶಕ್ಕೆ ಹಚ್ಚಬಾರದು.

4. ಒಂದಕ್ಕಿಂತ ಹೆಚ್ಚು ಕಡೆ ನೋಡಿ. ಎರಡು ಪದಕೋಶಗಳು ಎರಡು ಪದ ಕೊಟ್ಟರೆ ಗಾಬರಿ ಬೇಡ. ಎರಡೂ ಒಂದೇ ಇಂಗ್ಲಿಷ್ ಪದಕ್ಕೆ, ಒಂದೇ ವಿಷಯದಲ್ಲಿ ಇದ್ದರೆ ಅವು ಸಮಾನಾರ್ಥಕ.

5. ಪದ ಸಿಕ್ಕ ಮೇಲೆ ವಿವರಣೆ ಓದಿ. ಬಹಳಷ್ಟು ಪದಕೋಶಗಳಲ್ಲಿ ಪದಕ್ಕೆ ಪದ ಮಾತ್ರ ಇರುತ್ತದೆ, ವ್ಯಾಖ್ಯಾನ ಇರುವುದಿಲ್ಲ. ಆಗ ಆ ಇಂಗ್ಲಿಷ್ ಪದವನ್ನು ಹಿಡಿದು ವಿಶ್ವ ಆರೋಗ್ಯ ಸಂಸ್ಥೆಯಂಥ ನಂಬಬಹುದಾದ ಕಡೆ ಅದರ ವಿವರಣೆ ಓದಬೇಕು. ಪದಕೋಶ ನಿಮ್ಮನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತದೆ. ಒಳಗೆ ಹೋಗಬೇಕಾದವರು ನೀವೇ.

ಹುಡುಕಿದರೂ ಸಿಗದಿದ್ದರೆ

ಪದ ಸಿಗಲಿಲ್ಲ ಎಂದಾಕ್ಷಣ ಕನ್ನಡದಲ್ಲಿ ಆ ಪದವೇ ಇಲ್ಲ ಎಂದುಕೊಳ್ಳಬೇಡಿ. ಕಾರಣ ಕಾಗುಣಿತ ಇರಬಹುದು. ‘ಸಂಬಂಧ’ವನ್ನು ‘ಸಂಭಂದ’ ಎಂದು ಬರೆದರೆ ನಮಗೆ ಅರ್ಥವಾಗುತ್ತದೆ, ಕಂಪ್ಯೂಟರಿಗೆ ಅದು ಬೇರೆಯೇ ಪದ. ಇಂಗ್ಲಿಷಿನಿಂದ ಬಂದ ಪದಗಳಲ್ಲಂತೂ ವೈರಸ್, ವೈರಸ್ಸು, ವೈರಾಣು ಎಲ್ಲವನ್ನೂ ಪ್ರಯತ್ನಿಸಬೇಕು.

ಎರಡನೆಯದು ಕಣ್ಣಿಗೆ ಕಾಣದ ಸಮಸ್ಯೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ವ’ ಅಕ್ಷರ ಒತ್ತಾಗಿ ಕೆಳಗೆ ಇಳಿಯದಂತೆ ನಡುವೆ ಒಂದು ಅಗೋಚರ ಚಿಹ್ನೆ ಇರುತ್ತದೆ. ಕೆಲವು ಕೀಬೋರ್ಡ್‌ಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹುಡುಕಾಟದ ವ್ಯವಸ್ಥೆ ಇದನ್ನು ಗಮನಿಸದಿದ್ದರೆ ಪದ ಇದ್ದೂ ಇಲ್ಲದಂತಾಗುತ್ತದೆ. ಆಗ ಪದದ ಮೊದಲ ಎರಡು ಮೂರು ಅಕ್ಷರ ಮಾತ್ರ ಹಾಕಿ ನೋಡಿ.

ಮೂರನೆಯದು ಹಳೆಯ ಫಾಂಟ್‌ಗಳು. ಯೂನಿಕೋಡ್ ಬಳಕೆ ಹರಡುವ ಮುನ್ನ ಕಂಪ್ಯೂಟರಿನಲ್ಲಿ ಟೈಪ್ ಆದ ಎಷ್ಟೋ ಕನ್ನಡ ಪುಸ್ತಕ, ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅವುಗಳಲ್ಲಿ ಒಳ್ಳೆಯ ಪದಗಳಿದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಅವನ್ನು ಪುಟ ತಿರುಗಿಸಿಯೇ ನೋಡಬೇಕು.

ಪದ ಒಂದೇ, ಅರ್ಥ ಬೇರೆ

ಇಂಗ್ಲಿಷ್–ಹಿಂದಿ ಪದಕೋಶ ಬಳಸುವಾಗ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕು. ಹಿಂದಿಯ ಪಾರಿಭಾಷಿಕ ಪದಗಳಲ್ಲಿ ಬಹುಪಾಲು ಸಂಸ್ಕೃತದಿಂದ ಬಂದವು. ನೋಡಿದ ತಕ್ಷಣ ‘ಇದು ನಮ್ಮದೇ ಪದ’ ಅನ್ನಿಸುತ್ತದೆ. ಆದರೆ ಹಿಂದಿಯಲ್ಲಿ ‘ಉಪನ್ಯಾಸ’ ಎಂದರೆ ಕಾದಂಬರಿ, ನಮ್ಮಲ್ಲಿ ಭಾಷಣ. ಅಲ್ಲಿ ‘ಅವಸರ’ ಎಂದರೆ ಅವಕಾಶ, ಇಲ್ಲಿ ಗಡಿಬಿಡಿ. ಅಲ್ಲಿ ‘ಶಿಕ್ಷಾ’ ಓದು ಕಲಿಸುತ್ತದೆ, ಇಲ್ಲಿ ‘ಶಿಕ್ಷೆ’ ಅಪರಾಧಿಗೆ ಆಗುತ್ತದೆ.

ಕಾದಂಬರಿ, ಭಾಷಣದಲ್ಲಿ ಹೀಗಾದರೆ ನಕ್ಕು ಸುಮ್ಮನಾಗಬಹುದು. ‘ಅರ್ಬುದ’ದಲ್ಲಿ ಹಾಗಲ್ಲ. ಹಿಂದಿಯ ವೈದ್ಯಕೀಯ ಬಳಕೆಯಲ್ಲಿ ಅರ್ಬುದ ಎಂದರೆ ಟ್ಯೂಮರ್, ಅಂದರೆ ಗಡ್ಡೆ. ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಕನ್ನಡದಲ್ಲಿ ಅರ್ಬುದ ರೋಗ ಎಂದರೆ ಕ್ಯಾನ್ಸರ್. ಹಿಂದಿ ಬರಹದ ‘ಅರ್ಬುದ’ವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ, ಅಪಾಯವಿಲ್ಲದ ಗಡ್ಡೆ ಇರುವ ಮನೆಯಲ್ಲಿ ಕ್ಯಾನ್ಸರ್ ಭಯ ಹುಟ್ಟುತ್ತದೆ.

ಕನ್ನಡದೊಳಗೇ ಇಂಥ ಗೊಂದಲಗಳಿವೆ. ‘ತೀವ್ರ’ ಎಂಬ ಪದ ನೋಡಿ. ಇಂಗ್ಲಿಷಿನ ‘ಅಕ್ಯೂಟ್’ಗೂ ಅದೇ, ‘ಸಿವಿಯರ್’ಗೂ ಅದೇ. ವೈದ್ಯಕೀಯದಲ್ಲಿ ಅಕ್ಯೂಟ್ ಎಂದರೆ ಇದ್ದಕ್ಕಿದ್ದಂತೆ ಶುರುವಾಗಿ ಕಡಿಮೆ ಕಾಲ ಇರುವಂಥದ್ದು. ಸಿವಿಯರ್ ಎಂದರೆ ಗಂಭೀರವಾದದ್ದು. ಸಾಮಾನ್ಯ ನೆಗಡಿ ಅಕ್ಯೂಟ್, ಆದರೆ ಸಿವಿಯರ್ ಅಲ್ಲ. ಸಾರ್ಸ್ ಎಂಬ ಹೆಸರಿನ ಮೊದಲೆರಡು ಪದಗಳೇ ಸಿವಿಯರ್ ಮತ್ತು ಅಕ್ಯೂಟ್. ಕನ್ನಡದಲ್ಲಿ ‘ತೀವ್ರ ಉಸಿರಾಟದ ತೊಂದರೆ’ ಎಂದಾಗ ಎರಡೂ ಸೇರಿ ಒಂದೇ ಪದವಾಗಿಬಿಡುತ್ತವೆ. ಹಾಗಾಗಿ ಡಿಸ್ಚಾರ್ಜ್ ಪತ್ರದಲ್ಲಿ ‘ಅಕ್ಯೂಟ್’ ಎಂದಿರುವುದನ್ನು ನೋಡಿ ‘ತೀವ್ರವಂತೆ’ ಎಂದು ಗುಂಪಿನಲ್ಲಿ ಹಾಕುವ ಮುನ್ನ ಒಮ್ಮೆ ವೈದ್ಯರನ್ನು ಕೇಳುವುದು ಲೇಸು.

‘ಪಾಸಿಟಿವ್’ ಇನ್ನೊಂದು. ವರದಿ ಪಾಸಿಟಿವ್ ಎಂದರೆ ಹುಡುಕುತ್ತಿದ್ದದ್ದು ಸಿಕ್ಕಿದೆ ಎಂದಷ್ಟೇ ಅರ್ಥ. ಅದನ್ನು ‘ಸಕಾರಾತ್ಮಕ’ ಎಂದು ಅನುವಾದಿಸಿದರೆ ಶುಭ ಸುದ್ದಿಯಂತೆ ಕೇಳಿಸುತ್ತದೆ. ಕೋವಿಡ್ ಕಾಲದಲ್ಲಿ ಹಳ್ಳಿಯವರೂ ‘ಪಾಸಿಟಿವ್ ಬಂತು’ ಎಂದೇ ಹೇಳಿ, ಸರಿಯಾಗಿಯೇ ಅರ್ಥ ಮಾಡಿಕೊಂಡರು. ಜನರ ಬಾಯಲ್ಲಿ ನೆಲೆಯಾದ ಎರವಲು ಪದ, ಯಾರಿಗೂ ತಿಳಿಯದ ಶುದ್ಧ ಪದಕ್ಕಿಂತ ಎಷ್ಟೋ ಸಲ ಹೆಚ್ಚು ಸುರಕ್ಷಿತ.

‘ಪಾರ್ಶ್ವವಾಯು’ ಕೂಡ ಗಮನಿಸಬೇಕಾದ ಪದ. ಸ್ಟ್ರೋಕ್‌ಗೆ ನಾವು ಬಳಸುವುದು ಇದನ್ನೇ, ಆಡುಮಾತಿನಲ್ಲಿ ಲಕ್ವ. ಈ ಹೆಸರು ದೇಹದ ಒಂದು ಪಕ್ಕ ಬೀಳುವ ಲಕ್ಷಣವನ್ನು ಮಾತ್ರ ಹೇಳುತ್ತದೆ. ಸ್ಟ್ರೋಕ್ ಆಗುವುದು ಮೆದುಳಿನಲ್ಲಿ. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ದಿಢೀರನೆ ದೃಷ್ಟಿ ಮಂಜಾಗುವುದು ಕೂಡ ಅದರ ಲಕ್ಷಣಗಳೇ. ಕೈಕಾಲು ಆಡುತ್ತಿದೆಯಲ್ಲ, ಪಾರ್ಶ್ವವಾಯು ಅಲ್ಲ ಬಿಡಿ ಎಂದು ಕಾಯುತ್ತ ಕೂತರೆ ಚಿಕಿತ್ಸೆಯ ಅಮೂಲ್ಯ ಗಂಟೆಗಳು ಕೈತಪ್ಪುತ್ತವೆ.

‘ವಿಕಿರಣ’ದ ಕಥೆಯೂ ಇದೇ. ಕ್ಷ-ಕಿರಣ, ಮೊಬೈಲ್ ಟವರಿನ ರೇಡಿಯೋ ತರಂಗ, ಬಿಸಿಲು ಎಲ್ಲವೂ ವಿಕಿರಣವೇ. ಕ್ಷ-ಕಿರಣಕ್ಕೆ ಅಣುವಿನಿಂದ ಎಲೆಕ್ಟ್ರಾನ್ ಕೀಳುವ ಶಕ್ತಿ ಇದೆ, ರೇಡಿಯೋ ತರಂಗಕ್ಕೆ ಇಲ್ಲ. ಇನ್ನು ವಿಕಿರಣಶೀಲತೆ ಎಂಬುದು ಯುರೇನಿಯಂನಂಥ ವಸ್ತುಗಳ ಗುಣ, ಮೊಬೈಲ್‌ಗೆ ಅದು ಇಲ್ಲ. ಇಂದು ರಾತ್ರಿ ಕಾಸ್ಮಿಕ್ ಕಿರಣ ಭೂಮಿಯ ಹತ್ತಿರ ಹಾದುಹೋಗುತ್ತದೆ, ಮೊಬೈಲ್ ಆಫ್ ಮಾಡಿ ಎನ್ನುವ ಫಾರ್ವರ್ಡ್ ಈ ಎಲ್ಲ ಪದಗಳನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಹೆದರಿಸುತ್ತದೆ. ಕಾಸ್ಮಿಕ್ ಕಿರಣಗಳು ಪ್ರತಿದಿನ, ಪ್ರತಿಕ್ಷಣ ಭೂಮಿಗೆ ಬರುತ್ತಲೇ ಇವೆ. ಒಂದು ರಾತ್ರಿಯ ಅತಿಥಿಯಲ್ಲ.

ಪದ ಸರಿ, ತಿಳಿವಳಿಕೆ ತಪ್ಪು

ಪದಕೋಶಕ್ಕೂ ಒಂದು ಮಿತಿ ಇದೆ. ಆ್ಯಂಟಿಬಯೋಟಿಕ್ ರೆಸಿಸ್ಟೆನ್ಸ್ ಎಂಬುದನ್ನೇ ತೆಗೆದುಕೊಳ್ಳಿ. ‘ಪ್ರತಿಜೀವಕ ನಿರೋಧಕತೆ’ ಎಂಬ ಅನುವಾದದಲ್ಲಿ ವ್ಯಾಕರಣದ ತಪ್ಪಿಲ್ಲ, ಪರಿಭಾಷೆಯ ತಪ್ಪೂ ಇಲ್ಲ. ಆದರೆ ಓದಿದವರಿಗೆ ಏನು ತಿಳಿಯುತ್ತದೆ? ‘ರೋಗನಿರೋಧಕ ಶಕ್ತಿ’ ನಮ್ಮ ದೇಹದ್ದು. ಹಾಗಾದರೆ ಈ ನಿರೋಧಕತೆಯೂ ದೇಹದ್ದೇ ಇರಬೇಕು ಎಂದು ಮನಸ್ಸು ಹೇಳುತ್ತದೆ. ನಿಜದಲ್ಲಿ ಔಷಧಿಗೆ ಬಗ್ಗದೆ ನಿಲ್ಲುವುದು ಬ್ಯಾಕ್ಟೀರಿಯಾ, ನಮ್ಮ ದೇಹವಲ್ಲ.

ಇದು ಕನ್ನಡದ ಸಮಸ್ಯೆ ಮಾತ್ರವಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ 12 ದೇಶಗಳ ಸುಮಾರು 10,000 ಜನರನ್ನು ಕೇಳಿತು. ದೇಹವೇ ಔಷಧಿಗೆ ಒಗ್ಗಿಹೋಗುವುದನ್ನು ಆ್ಯಂಟಿಬಯೋಟಿಕ್ ರೆಸಿಸ್ಟೆನ್ಸ್ ಎನ್ನುತ್ತಾರೆ ಎಂದು ಶೇ 76ರಷ್ಟು ಜನ ನಂಬಿದ್ದರು. ನೆಗಡಿ, ಫ್ಲೂ ಜ್ವರಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದು ಶೇ 64ರಷ್ಟು ಜನ ಹೇಳಿದರು. ಇವೆರಡೂ ವೈರಸ್‌ನಿಂದ ಬರುವವು, ಆ್ಯಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ತಪ್ಪು ತಿಳಿವಳಿಕೆಯ ಪರಿಣಾಮ ಸಣ್ಣದಲ್ಲ. ‘ನನ್ನ ದೇಹ ಒಗ್ಗಿಲ್ಲ, ನನಗೇನೂ ಆಗದು’ ಎಂದುಕೊಂಡವರು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ಕೇಳುತ್ತಾರೆ. ಬಗ್ಗದ ಬ್ಯಾಕ್ಟೀರಿಯಾ ಒಬ್ಬರಿಂದ ಇನ್ನೊಬ್ಬರಿಗೆ ಹರಡಬಲ್ಲದು.

ಇಂಥ ಕಡೆ ‘ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ’ ಎಂದು ನಾಲ್ಕು ಮಾತಿನಲ್ಲಿ ಬಿಡಿಸಿ ಬರೆಯುವುದು ಒಂದು ಪಾರಿಭಾಷಿಕ ಪದಕ್ಕಿಂತ ಮೇಲು. ಪದಕೋಶ ನೋಡಿ ನಾವು ಸಂಗತಿಯನ್ನು ತಿಳಿದುಕೊಳ್ಳಬೇಕು, ಬೇರೆಯವರಿಗೆ ಹೇಳುವಾಗ ಅವರಿಗೆ ಗೊತ್ತಿರುವ ಮಾತಿನಲ್ಲಿ ಹೇಳಬೇಕು.

ಇನ್ನೊಂದು ಮಾತು. ಪದ ಪದಕೋಶದಲ್ಲಿದೆ ಎಂದ ಮಾತ್ರಕ್ಕೆ ಫಾರ್ವರ್ಡ್ ನಿಜವಾಗುವುದಿಲ್ಲ. ಸುಳ್ಳು ಸಂದೇಶ ಬರೆಯುವವರಿಗೂ ದೊಡ್ಡ ದೊಡ್ಡ ಪದಗಳೇ ಬೇಕು, ಅವು ನಂಬಿಕೆ ಹುಟ್ಟಿಸುತ್ತವೆ. ಈ ಪದದ ಅರ್ಥವೇನು ಎಂಬ ಪ್ರಶ್ನೆಗೆ ಮಾತ್ರ ಪದಕೋಶದಲ್ಲಿ ಉತ್ತರ ಇದೆ. ಈ ಸಲಹೆ ಸರಿಯೇ ಎಂಬುದಕ್ಕೆ ಉತ್ತರ ಕೊಡಬೇಕಾದವರು ವೈದ್ಯರು, ತಜ್ಞರು. ಆದರೆ ಮೊದಲ ಪ್ರಶ್ನೆ ಕೇಳದೆ ಎರಡನೆಯದನ್ನು ಸರಿಯಾಗಿ ಕೇಳಲು ಬರುವುದಿಲ್ಲ. ‘ಹೃದಯಕ್ಕೆ ಏನೋ ಆದರೆ ಕೆಮ್ಮಬೇಕಾ?’ ಎಂದು ಕೇಳುವುದಕ್ಕಿಂತ ‘ಕಾರ್ಡಿಯಾಕ್ ಅರೆಸ್ಟ್ ಆದವರು ಕೆಮ್ಮಬಲ್ಲರಾ?’ ಎಂದು ಕೇಳಿದರೆ ಉತ್ತರ ಪ್ರಶ್ನೆಯಲ್ಲೇ ಹೊಳೆಯುತ್ತದೆ.

ಗುಂಪಿನಲ್ಲಿ ಹೇಳುವುದು ಹೇಗೆ?

ಕುಟುಂಬದ ಗುಂಪಿನಲ್ಲಿ ದೊಡ್ಡಪ್ಪನೋ ಅತ್ತೆಯೋ ಇಂಥ ಸಂದೇಶ ಹಾಕಿದಾಗ ‘ಇದು ಫೇಕ್’ ಎಂದು ಒಂದೇ ಪದ ಎಸೆದರೆ ಅವರಿಗೂ ಬೇಸರ, ಓದಿದವರಿಗೂ ಪ್ರಯೋಜನವಿಲ್ಲ. ತಪ್ಪು ಎಲ್ಲಿದೆ ಎಂದು ತೋರಿಸಿ, ಮಾಡಬೇಕಾದ್ದನ್ನು ಜೊತೆಗೇ ಹೇಳಿ. ಹೀಗೆ ಬರೆಯಬಹುದು:

‘ದೊಡ್ಡಪ್ಪ, ಇದರಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳು ಕಲಸಿಹೋಗಿವೆ. ಹಾರ್ಟ್ ಅಟ್ಯಾಕ್‌ನಲ್ಲಿ ಸಾಮಾನ್ಯವಾಗಿ ಹೃದಯ ಬಡಿಯುತ್ತಿರುತ್ತೆ, ತಕ್ಷಣ 108ಕ್ಕೆ ಕರೆ ಮಾಡಬೇಕು. ಕಾರ್ಡಿಯಾಕ್ ಅರೆಸ್ಟ್‌ನಲ್ಲಿ ಹೃದಯ ನಿಲ್ಲುತ್ತೆ, ಪ್ರಜ್ಞೆ ಇರಲ್ಲ, ಪಕ್ಕದಲ್ಲಿ ಇರುವವರು ಎದೆ ಒತ್ತಬೇಕು. ಎರಡರಲ್ಲೂ ಕೆಮ್ಮಿನಿಂದ ಉಪಯೋಗ ಇಲ್ಲ.’

ಈ ನಾಲ್ಕು ಸಾಲನ್ನು ನೀವು ಹಾಗೆಯೇ ನಕಲು ಮಾಡಿ ಕಳುಹಿಸಬಹುದು. ಮುಂದಿನ ಸಲ ಬೇರೆ ಫಾರ್ವರ್ಡ್ ಬಂದಾಗ ಅದರಲ್ಲಿರುವ ಅತಿ ಭಾರದ ಪದ ಯಾವುದು ಎಂದು ನೋಡಿ, ಅದೊಂದನ್ನು ಪದಕೋಶದಲ್ಲಿ ಹಾಕಿ, ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬನ್ನಿ. ದಾರಿ ತಪ್ಪಿದರೆ ಫಾರ್ವರ್ಡ್ ಬಟನ್ ಒತ್ತಬೇಡಿ.